ಬಾಳೆಹಣ್ಣಿನ ವಿಭಕ್ತಿ

"ಅಕ್ಕಾ, ಕಮಲಾಪುರಕ್ಕ ಹೋಗಿದ್ದೆ, ತಗೋರಿ." ಪಕ್ಕದ ಮನೆಯ ಹುಡುಗಿ ಕಂಪೌಂಡ್ ಗೋಡೆಯ ಮೇಲೆ ಅರ್ಧ ಡಜನ್ ಕೆಂಪು ಬಾಳೆಹಣ್ಣು ಇಟ್ಟಳು. ಜಿಐ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ಹಣ್ಣು. ಸಿಪ್ಪೆ ಸುಲಿಯುವ ಮೊದಲೇ ಘಮ್ಮೆಂದಿತು.

ಸಸ್ಯಶಾಸ್ತ್ರ ಓದುವ ಹುಡುಗಿ ಅದು. "ಇದಕ್ಕ ಲಿನೇಯಸ್ 1753ರಾಗ ಮೂಸಾ ಅಂತ ಹೆಸರಿಟ್ಟಾನ್ರಿ. ಅರಬ್ಬಿ ಮೌಜ್‌ದಿಂದ ಬಂದದ್ದಂತ. ಬರೇ ಹೆಸರು ಬಾಯಿಪಾಠ ಮಾಡಿ ಸಾಕಾಗ್ಯದ, ಲ್ಯಾಟಿನ್ ವ್ಯಾಕರಣಾನೇ ಕಲೀಲತ್ತೀನಿ. ಪುಸ್ತಕ ಇಂಗ್ಲಿಷಿಂದು, ತಲಿಗಿ ಹತ್ತವಲ್ದು."

ನಾನು ಶಾಲೆಯಲ್ಲಿ ಕನ್ನಡ ಕಲಿಸಿದವಳು. ಒಂದು ವಾಕ್ಯ ಹೇಳವ್ವಾ ಅಂದೆ.

"ಮಾತೆರ್ ಫೀಲಿಯೈ ಮೂಸಮ್ ದತ್."

ಮಾತೆರ್ ಅಂದರೆ ತಾಯಿ, ಫೀಲಿಯೈ ಮಗಳಿಗೆ, ಮೂಸಮ್ ಬಾಳೆಹಣ್ಣನ್ನು, ದತ್ ಕೊಡುತ್ತಾಳೆ. ಒಂದು ಪದವನ್ನೂ ಕದಲಿಸದೆ ಕನ್ನಡ ಆಯಿತಲ್ಲ! ಇಂಗ್ಲಿಷಿನ ದಾರಿ ಹಿಡಿದರೆ ಕೊನೆಯ ಕ್ರಿಯಾಪದವನ್ನು ನಡುವೆ ತಂದು ಕೂರಿಸಬೇಕು, ಇಲ್ಲದ 'ಎ', 'ದ' ಥರದ ಉಪಪದವೊಂದನ್ನು ಹಣ್ಣಿಗೆ ಅಂಟಿಸಬೇಕು. ನಮಗೇಕೆ ಆ ಸುತ್ತು? ಪದಗಳನ್ನು ಹಿಂದುಮುಂದು ಮಾಡಿ 'ಮೂಸಮ್ ಫೀಲಿಯೈ ಮಾತೆರ್ ದತ್' ಅಂದರೂ ಕೊಟ್ಟವಳು ತಾಯಿಯೇ. ವಿಭಕ್ತಿ ಕೈಹಿಡಿದು ನಡೆಸುತ್ತದೆ, ನಮ್ಮಲ್ಲಿ ನಡೆಸುವ ಹಾಗೆಯೇ.

"ಹಂಗಾದ್ರ ಇದಕ್ಕೇನಂತೀರಿ? ಮಾತೆರ್ ಫೀಲಿಯೈ ಮೂಸಮ್ ಎದಿತ್." ಎದಿತ್ ಅಂದರೆ ತಿನ್ನುತ್ತಾಳೆ. ನಾನು 'ತಾಯಿ ಮಗಳಿಗೆ ಹಣ್ಣನ್ನು' ಅಂತ ಶುರುಮಾಡಿ ಅಲ್ಲೇ ನಿಂತೆ. ಫೀಲಿಯೈ ಅನ್ನುವ ಒಂದೇ ರೂಪ 'ಮಗಳಿಗೆ' ಕೂಡ ಹೌದು, 'ಮಗಳ' ಕೂಡ ಹೌದು. ಕ್ರಿಯಾಪದ ಬದಲಾದದ್ದೇ ತಡ, ತಾಯಿ ಮಗಳ ಹಣ್ಣನ್ನು ತಿನ್ನುತ್ತಾಳೆ! ಕನ್ನಡ ಇಂಥಲ್ಲಿ ಎರಡನ್ನೂ ಬೇರೆ ಬೇರೆ ಇಟ್ಟಿದೆ. ದತ್ ಒಂದನ್ನೇ ಹೇಳಿದರೂ ಅಷ್ಟೇ, ಕೊಡತಾನೋ ಕೊಡತಾಳೋ ಕೊಡತದೋ ಅದರಲ್ಲಿ ಕಾಣುವುದಿಲ್ಲ. ನಮ್ಮ ಕ್ರಿಯಾಪದ ಲಿಂಗ ಕೇಳುತ್ತದೆ. ಅನುವಾದದ ನಿಜವಾದ ಕೆಲಸ ಇಂಥ ಕಡೆಯೇ ಇರುವುದು ಅಂತ ನನಗನ್ನಿಸುತ್ತದೆ.

ಲ್ಯಾಟಿನ್ನಿಗೂ ಕನ್ನಡಕ್ಕೂ ನೇರ ನಂಟು ಮೊದಲೇ ಬೆಳೆದಿತ್ತು. 1861ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ತ ಮಿಷನರಿಗಳ ಲ್ಯಾಟಿನ್–ಕನ್ನಡ ನಿಘಂಟು ಅಚ್ಚಾಗಿತ್ತು. ಇನ್ನು ನಮ್ಮ ಜಿಲ್ಲೆಯ ಮಳಖೇಡವಂತೂ 9ನೇ ಶತಮಾನದಲ್ಲೇ ಕವಿರಾಜಮಾರ್ಗ ಕೊಟ್ಟ ಊರು. ಇಲ್ಲಿಯ ಮಕ್ಕಳು ಕನ್ನಡದ ಮೂಲಕವೇ ಲ್ಯಾಟಿನ್ ಕಲಿಯುವಂಥ ಪುಟ್ಟ ಪುಸ್ತಕವೊಂದು ಬೇಕು. "ನಾವೇ ಬರೆಯೂಣಲ್ಲ?" ಅಂದೆ.

ಅವಳು ಒಂದು ಹಣ್ಣು ಸುಲಿದು ಅರ್ಧ ನನಗೆ ಚಾಚಿದಳು. "ಇನ್ನ ಐದು ಉಳದಾವ ಅಕ್ಕಾ. ನಾಳಿಗಿ ಬಹುವಚನ ಹಿಡಿಯೂಣ್ರಿ."