ಸ್ನಾತಕೋತ್ತರ ರೋಗಾಣು

ಮಂಗಳೂರಿಗೆ ಓದಲು ಬರುವುದು ಮಕ್ಕಳು ಮಾತ್ರ ಅಂದುಕೊಳ್ಳಬೇಡಿ. 1848ರ ವೆನ್ಲಾಕ್ ಆಸ್ಪತ್ರೆಯಿಂದ ಹಿಡಿದು ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳವರೆಗೆ ಇಷ್ಟೊಂದು ವಿದ್ಯೆ ಸಿಗುವ ಊರಲ್ಲಿ ರೋಗಾಣುಗಳಷ್ಟೇ ದಡ್ಡವಾಗಿ ಉಳಿಯುತ್ತವೆಯೇ?

ಅವುಗಳ ಬಾಲಪಾಠ ಮೆಡಿಕಲ್ ಶಾಪಿನ ಕೌಂಟರಿನಲ್ಲಿ. "ಸಣ್ಣ ಶೀತ ಮಾರಾಯ್ರೇ, ಸ್ವಲ್ಪ ಪವರಿನದ್ದು ಕೊಡಿ." ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ಕಿನ ಮೂರು ಮಾತ್ರೆ ಕತ್ತರಿಸಿ ಕೈಗೆ ಬರುತ್ತದೆ. ಶೀತ ತರುವ ವೈರಸ್ಸಿಗೂ ಆ ಮಾತ್ರೆಗೂ ಮುಖಪರಿಚಯವೇ ಇಲ್ಲ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಮಾತ್ರ ಗಮನವಿಟ್ಟು ಪಾಠ ಕೇಳುತ್ತವೆ. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಕಾರ ಇಂಥ ಮದ್ದಿಗೆ ಡಾಕ್ಟರ ಚೀಟಿ ಬೇಕು, ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆಯಬೇಕು, ಪುಸ್ತಕವನ್ನು ಮೂರು ವರ್ಷ ಜೋಪಾನ ಮಾಡಬೇಕು. ಜೋಪಾನವಂತೂ ಆಗುತ್ತಿದೆ. ಕೆಲವೆಡೆ ಶಾಯಿಯ ಒಂದು ಕಲೆಯೂ ಬೀಳದಷ್ಟು.

ಉನ್ನತ ವ್ಯಾಸಂಗ ಐಸಿಯುನಲ್ಲಿ. ಅಲ್ಲಿ ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಎಂಬ ನಕಲುಚೀಟಿಯನ್ನು ಪಕ್ಕದವಕ್ಕೆ ದಾಟಿಸುತ್ತವೆ. ಮಂಚದಿಂದ ಮಂಚಕ್ಕೆ ಹೋಗಲು ವಾಹನವೂ ಉಚಿತ: ನಮ್ಮದೇ ಕೈಗಳು. ಎನ್‌ಡಿಎಂ (ನ್ಯೂ ಡೆಲ್ಲಿ ಮೆಟಲೊ-ಬೀಟಾ-ಲ್ಯಾಕ್ಟಮೇಸ್) ಎಂಬ ಚೀಟಿ ಸಿಕ್ಕರೆ ಮೆರೊಪೆನೆಮ್‌ನಂಥ ಬಲವಾದ ಆಂಟಿಬಯೋಟಿಕ್ ಕೂಡ ಹೆಚ್ಚುಕಡಿಮೆ ನೀರು. 2010ರಲ್ಲಿ ಅದರ ಸುದ್ದಿ ಜಗತ್ತಿನಲ್ಲೆಲ್ಲ ಹರಡಿದಾಗ ದೆಹಲಿಗೆ ಸಿಟ್ಟು ಬಂದದ್ದು ರೋಗಾಣುವಿನ ಮೇಲಲ್ಲ, ಆ ಚೀಟಿಗೆ ತನ್ನ ಹೆಸರಿಟ್ಟವರ ಮೇಲೆ.

ಆಮೇಲೆ ಶುರುವಾಗುತ್ತದೆ ಔಷಧಗಳ ವಧುಪರೀಕ್ಷೆ. ಕೊಲಿಸ್ಟಿನ್ ಹಳೆಯ ಸಂಬಂಧ. ಕಿಡ್ನಿ ಕೆಡಿಸುತ್ತದೆಂದು 1970ರ ದಶಕದಲ್ಲಿ ಮೂಲೆಗೆ ತಳ್ಳಿದ್ದನ್ನು ಗತಿಯಿಲ್ಲದೆ ಮರಳಿ ಕರೆತಂದಿದ್ದೇವೆ. ಜೊತೆಗೆ ಮೆರೊಪೆನೆಮ್ ಸೇರಿಸಿದರೆ ಬಲ ಬಂದೀತೇ? ಇಸ್ರೇಲ್, ಗ್ರೀಸ್, ಇಟಲಿಗಳ 406 ರೋಗಿಗಳಲ್ಲಿ ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 14 ದಿನಗಳಲ್ಲಿ ಚಿಕಿತ್ಸೆ ಸೋತದ್ದು ಕೊಲಿಸ್ಟಿನ್ ಒಂದರಲ್ಲೇ ಶೇ. 79, ಜೋಡಿಯಲ್ಲಿ ಶೇ. 73, ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ಆದರೆ ಆ ರೋಗಿಗಳಲ್ಲಿ ಹೆಚ್ಚಿನವರಿಗೆ ಅಂಟಿದ್ದು ಕ್ಲೆಬ್ಸಿಯೆಲ್ಲಾ ಅಲ್ಲ, ಅಸಿನೆಟೊಬ್ಯಾಕ್ಟರ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಇನ್ನೊಂದು ಸಂಬಂಧ ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್. ಕಿಡ್ನಿಯ ಮಟ್ಟಿಗೆ ಸಾಧು ಸ್ವಭಾವದ್ದು, ಆದರೆ ಸಾವಿರಾರು ರೂಪಾಯಿಯ ವರದಕ್ಷಿಣೆ ಕೇಳುತ್ತದೆ. ಎನ್‌ಡಿಎಂ ಎದುರಾದರೆ ಒಂಟಿಯಾಗಿ ನಿಲ್ಲಲಾರದು, ಅಜ್ಟ್ರಿಯೊನಾಮ್ ಜೊತೆಗಿರಬೇಕು.

ಹೊರಗೆ ಬೆಂಚಿನಲ್ಲಿ ಕೂತ ಮನೆಯವರ ಪ್ರಶ್ನೆ ಸರಳ: "ಎಲ್ಲಕ್ಕಿಂತ ಪವರಿನದ್ದು ಯಾವುದು ಡಾಕ್ಟ್ರೇ? ಅದನ್ನೇ ಹಾಕಿ." ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕೆಂದರೆ ಅವರಿಗೆ ಅದು ನಿರ್ಲಕ್ಷ್ಯ. ಕಣ್ಣುಮುಚ್ಚಿ ಮೂರು ಆಂಟಿಬಯೋಟಿಕ್ ಒಟ್ಟಿಗೆ ಹಾಕಿದರೆ, ಅದು ಮುತುವರ್ಜಿ.

ಹೊಸ ಇಂಜೆಕ್ಷನ್ ಬಂದಾಗ ತಿಳಿಸಲು ಟೈ ಕಟ್ಟಿಕೊಂಡ ರೆಪ್‌ಗಳು ಸಾಲುಗಟ್ಟುತ್ತಾರೆ. ಐಸಿಯು ಬಾಗಿಲ ಬಳಿ ಕೈತೊಳೆಯುವ ಸಾಬೂನು ಮುಗಿದದ್ದನ್ನು ತಿಳಿಸಲು ಯಾವ ಕಂಪೆನಿಯೂ ಬರುವುದಿಲ್ಲ. ಅದಕ್ಕೆ ಸ್ಟೋರಿನವರು ಇಂಡೆಂಟ್ ಕೇಳುತ್ತಾರೆ, ಮೂರು ಪ್ರತಿಯಲ್ಲಿ.