ನಗೆಗಾರರ ಗುರುವಾರ

ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ಲೇತಿನ ಮುಂದೆ ನಿಂತು ಕಬ್ಬಿಣವನ್ನು ಸವೆಸುವವರೂ, ಗಾರ್ಮೆಂಟ್ಸಿನಲ್ಲಿ ದಿನವೆಲ್ಲ ಪರರ ಅಂಗಿಗಳಿಗೆ ಕಾಲರು ಹೊಲಿದು ಸಂಜೆ ತಮ್ಮ ಮನೆಯಲ್ಲಿ ಸೂಜಿ ಹುಡುಕುವವರೂ, ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವವರೂ ತುಂಬಿಕೊಂಡಿರುವರೆಂಬುದು ಸರ್ವವಿದಿತವಾದ ಸಂಗತಿ. ಆದರೆ ಕುಣಿಗಲು, ಮಾಗಡಿ, ನಾಗಮಂಗಲಗಳ ಕಡೆಯಿಂದ ಬಂದವರು ಕಿರಿದಾದ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿಯನ್ನೇರಿಸಿ ಬಾಡಿಗೆಗೆ ಬಿಟ್ಟಿರುವ ಈ ಮನೆಗಳ ನಡುವೆ, ಯಾವ ಪಾಳಿಗೂ ಸೇರದೆ, ಯಾವ ಯಂತ್ರವನ್ನೂ ಮುಟ್ಟದೆ, ಅನ್ಯರನ್ನು ನಗಿಸಿಯೇ ಬಾಡಿಗೆಯನ್ನು ತೆರಬೇಕಾದ ಮತ್ತೊಂದು ವರ್ಗವೂ ಈಚೆಗೆ ನೆಲೆಯೂರಿದೆಯೆಂಬುದನ್ನು ಜನಗಣತಿಯವರು ಇನ್ನೂ ಗಮನಿಸಿದಂತೆ ತೋರದು. ಕಿರುತೆರೆಯ ಹಾಸ್ಯಕಲಾವಿದರೆಂದು ಪತ್ರಿಕೆಗಳು ಕರೆಯುವ, 'ಕಾಮಿಡಿ ಮಾಡ್ತಾರಲ್ಲ, ಅವ್ರು' ಎಂದು ನಮ್ಮ ಬೀದಿಯವರು ಗುರುತಿಸುವ ಈ ವರ್ಗದ ಪ್ರತಿನಿಧಿಯೊಬ್ಬರು ನಮ್ಮ ನೆತ್ತಿಯ ಮೇಲೆಯೇ, ಅಂದರೆ ಮೇಲಿನ ಮಹಡಿಯಲ್ಲಿಯೇ ವಾಸವಾಗಿರುವುದರಿಂದ, ಈ ಜೀವಿಗಳ ಲಕ್ಷಣಗಳನ್ನು ವಿವರಿಸುವ ಅಧಿಕಾರವು ನನಗೆ ಅಯಾಚಿತವಾಗಿ ಪ್ರಾಪ್ತವಾಗಿದೆ.

ನಗಿಸುವವನ ಬಾಳು ನಮ್ಮ ನಾಡಿನಲ್ಲಿ ಎಂದೂ ಹಗುರವಾಗಿರಲಿಲ್ಲ. 'ಸದಾರಮೆ'ಯ ಕಳ್ಳನಾಗಿ ಸಭೆಯನ್ನು ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡಿದ ಗುಬ್ಬಿ ವೀರಣ್ಣನವರು ವೇಷ ಕಳಚಿದ ಮೇಲೆ ಒಂದು ದೊಡ್ಡ ಕಂಪನಿಯ ಊಟದ ಖರ್ಚನ್ನೂ ಚಿಂತಿಸಬೇಕಾಗಿತ್ತು. 1954ರ 'ಬೇಡರ ಕಣ್ಣಪ್ಪ'ದಿಂದ ತೆರೆಗೆ ಬಂದ ತಿಪಟೂರಿನ ನರಸಿಂಹರಾಜು ಅವರು ನಾಡಿನ ಮನೆಮಾತಾದ ತರುವಾಯವೂ 'ಪ್ರೊಫೆಸರ್ ಹುಚ್ಚೂರಾಯ' ಚಿತ್ರವನ್ನು ತಾವೇ ನಿರ್ಮಿಸಬೇಕಾಯಿತು. ಆದರೆ ಅವರ ಕಾಲದಲ್ಲಿ ನಗು ಎದುರಿಗೇ ಬರುತ್ತಿತ್ತು. ಬಾರದಿದ್ದರೆ ಬಾರಲಿಲ್ಲವೆಂಬುದೂ ಎದುರಿಗೇ ತಿಳಿಯುತ್ತಿತ್ತು. ತರುವಾಯ ನಗು ಕಿರುತೆರೆಗೆ ಏರಿತು. 2015ರಲ್ಲಿ ಸೃಜನ್ ಲೋಕೇಶರ 'ಮಜಾ ಟಾಕೀಸ್', ಅದರ ಮರುವರ್ಷ ಜೀ ಕನ್ನಡದ 'ಕಾಮಿಡಿ ಕಿಲಾಡಿಗಳು' ಪ್ರಾರಂಭವಾದುವಷ್ಟೆ. ಸೃಜನರೇನೋ ಕನ್ನಡದ ಮೊದಲ ವಾಕ್ಚಿತ್ರವಾದ 1934ರ 'ಸತಿ ಸುಲೋಚನ'ದಲ್ಲಿ ನಟಿಸಿದ ಸುಬ್ಬಯ್ಯನಾಯ್ಡು ಅವರ ಮೊಮ್ಮಗ. ಆದರೆ 'ಕಿಲಾಡಿಗಳು' ಮೊದಲ ಆವೃತ್ತಿಯಲ್ಲಿ ಗೆದ್ದವರು ಕೆ.ಆರ್. ಪೇಟೆಯ ಶಿವರಾಜ್. ಆ ಗೆಲುವನ್ನು ಕಂಡ ಮರುದಿನದಿಂದ, ಹೆಡ್‌ಮಾಸ್ತರರ ನಡಿಗೆಯನ್ನು ಅನುಕರಿಸಬಲ್ಲ ಒಬ್ಬ ಹುಡುಗನಿಲ್ಲದ ತಾಲ್ಲೂಕು ಕರ್ನಾಟಕದಲ್ಲಿಲ್ಲವೆಂಬ ಸತ್ಯವು ಬೆಂಗಳೂರಿಗೆ ಬರುವ ಬಸ್ಸುಗಳಿಂದಲೇ ಪ್ರಕಟವಾಗತೊಡಗಿತು. ನಮ್ಮ ನಗೆಗಾರರೂ ಅಂಥದೊಂದು ಬಸ್ಸಿನಿಂದಲೇ ಇಳಿದವರು. ಕುಲಪರಂಪರೆಯ ಬಲವಿಲ್ಲ, ಊರಿನ ಡ್ರಿಲ್ ಮಾಸ್ತರರ ಸೀಟಿಯ ಸದ್ದನ್ನು ಬಾಯಿಂದಲೇ ಹೊರಡಿಸಬಲ್ಲ ವಿದ್ಯೆಯೊಂದೇ ಮೂಲಧನ.

ಹೊಸ ಕಾರ್ಯಕ್ರಮವೊಂದರ ತಯಾರಿಯಲ್ಲಿರುವಾಗ ಇವರ ಚರ್ಯೆಯನ್ನು ನೋಡಿದವರು ಈ ಮನುಷ್ಯನ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದು ಊಹಿಸುವುದೇ ಸಹಜ. ಮಾತಿಲ್ಲ, ನಗೆಯಿಲ್ಲ; ತಾರಸಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಗೊಣಗುತ್ತ ತಿರುಗಾಟ. ಹೆಂಗಸಿನ ಗೆಟಪ್ಪಿಗೆಂದು ನನ್ನ ಮನೆಯವಳ ಹಳೆಯ ಸೀರೆಗಳನ್ನು 'ಅಮ್ಮಾ, ಒಂದೇ ಸ್ಕಿಟ್‌ಗೆ' ಎಂದು ಒಯ್ಯುವುದುಂಟು. ಹಿಂದಿರುಗಿ ಬರುವಾಗ ಅವುಗಳ ಸೆರಗಿಗೆ ಮುಖದ ಬಣ್ಣವು ಶಾಶ್ವತವಾಗಿ ಅಂಟಿರುವುದೂ ಉಂಟು. ಬೆಳಗಿನ ಜಾವಕ್ಕೆ 'ಕಾಲ್‌ಟೈಮ್' ಎಂದು ಓಡುವರು. ಮಧ್ಯರಾತ್ರಿ ಮೀರಿ, ಹಣೆಯ ಮೇಲೆ ಅರ್ಧ ಅಳಿಸಿದ ಕುಂಕುಮದೊಡನೆ, ಬೀದಿನಾಯಿಗಳಿಗೆ ತಮ್ಮ ಪರಿಚಯವನ್ನು ಹೊಸದಾಗಿ ಹೇಳಿಕೊಳ್ಳುತ್ತ ಮರಳುವರು.

ಇವೆಲ್ಲವನ್ನೂ ಸಹಿಸಬಹುದು. ಸಹಿಸಲಾಗದುದು ಮೆಟ್ಟಿಲ ಮೇಲಿನ ಪರೀಕ್ಷೆ. ಹಾಲು ತರಲು ನಾನು ಬಾಗಿಲು ತೆರೆಯುವುದನ್ನೇ ಕಾದಿದ್ದು, 'ಮೇಷ್ಟ್ರೇ, ಒಂದ್ನಿಮಿಷ' ಎಂದು ತಡೆದು, ಗಂಡ-ಹೆಂಡಿರ ಜಗಳವೊಂದನ್ನು ಎರಡೂ ಕಂಠಗಳಲ್ಲಿ ಆಡಿ ತೋರಿಸಿ, ಕೊನೆಯ ಮಾತು ನಾಲಗೆಯಿಂದ ಜಾರಿದ ಕ್ಷಣದಲ್ಲಿ ನನ್ನ ಬಾಯಿಯ ಎಡಬಲ ಮೂಲೆಗಳನ್ನೇ ದಿಟ್ಟಿಸುತ್ತ ನಿಂತುಬಿಡುವರು. 'ಚೆನ್ನಾಗಿದೆ' ಎಂದರೆ ತೃಪ್ತಿಯಿಲ್ಲ. 'ಚೆನ್ನಾಗಿದೆ ಅಂತ ಎಲ್ಲಾರೂ ಅಂತಾರೆ ಮೇಷ್ಟ್ರೇ. ನಗು ಬಂತಾ, ಇಲ್ವಾ? ನಿಜ ಹೇಳ್ಬಿಡಿ, ನಂಗೇನೂ ಬೇಜಾರಿಲ್ಲ.' ಬಾರಲಿಲ್ಲವೆಂದು ಒಮ್ಮೆ ಹೇಳಿದೆ. ಬೇಜಾರಿಲ್ಲವೆಂದ ಆ ಮನುಷ್ಯ ಅಂದು ಊಟ ಮಾಡಲಿಲ್ಲವೆಂಬ ಸುದ್ದಿ ಸಂಜೆ ಕೆಳಕ್ಕಿಳಿಯಿತು. 'ಸುಮ್ನೆ ನಕ್ಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?' ಎಂದು ನನ್ನ ಮನೆಯವಳು ಮುನಿದುದರಿಂದ, ನನ್ನ ಊಟವೂ ಸುಖಕರವಾಗಲಿಲ್ಲ.

ನಗುವಿಗಾಗಿ ಇಷ್ಟೊಂದು ಹಸಿವು ಏಕೆಂದು ಕೇಳಿದಾಗ ಅವರು ಕೊಟ್ಟ ವಿವರಣೆಯು ನನ್ನ ಕಣ್ಣು ತೆರೆಸಿತು. ಚಿತ್ರೀಕರಣದ ಫ್ಲೋರಿನಲ್ಲಿ ಪ್ರೇಕ್ಷಕರ ನಗುವನ್ನು ಪ್ರತ್ಯೇಕವಾಗಿಯೇ ಹಿಡಿದಿಟ್ಟುಕೊಳ್ಳುವ ಪದ್ಧತಿಯುಂಟಂತೆ. ವೇದಿಕೆಯ ಮೇಲೆ ಇನ್ನೂ ಏನೂ ನಡೆಯದಿರುವಾಗಲೇ 'ಈಗ ಎಲ್ಲಾರೂ ಜೋರಾಗಿ ನಗಿ, ಆಮೇಲೆ ಚಪ್ಪಾಳೆ' ಎಂದು ಆಜ್ಞೆಯಾಗುತ್ತದೆ. ಜನರೂ ಶಿರಸಾ ವಹಿಸಿ ನಗುತ್ತಾರೆ. ಆ ನಗುವನ್ನು ಮುಂದೆ ಎಲ್ಲಿ ಕೊರತೆಯೋ ಅಲ್ಲಿಗೆ ಅಂಟಿಸಲಾಗುತ್ತದೆ. ಹೀಗೆ ಮುಂಗಡವಾಗಿ ಸಂಗ್ರಹಿಸಿದ ನಗುವಿನಲ್ಲಿ ತನ್ನ ಪಾಲೆಷ್ಟೆಂಬುದು ನಟನಿಗೆ ತಿಳಿಯುವ ಬಗೆಯೆಂತು?

ಚಿತ್ರೀಕರಣ ಮುಗಿದು ಪ್ರಚಾರದ ಪರ್ವ ಆರಂಭವಾದೊಡನೆ ಇದೇ ಮನುಷ್ಯ ಸಂಪೂರ್ಣ ಬೇರೊಬ್ಬರಾಗುವರು. ಮೌನಿಗೆ ಮಾತು ಬರುತ್ತದೆ. ದಿನಕ್ಕೊಂದು ಪ್ರೋಮೋ, ಗಂಟೆಗೊಂದು ರೀಲ್ಸು. ನನ್ನ ಫೋನಿನ ಸ್ಟೇಟಸ್ಸಿನಲ್ಲಿ ನನ್ನ ಅನುಮತಿಗೆ ಕಾಯದೆ ಅವರ ಮುಖ. ಹೆಗ್ಗನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೂ, ಸುಂಕದಕಟ್ಟೆಯ ಕಡೆಗೆ ಶೇರ್ ಆಟೋ ಹತ್ತುವವರಿಗೂ 'ಶನಿವಾರ ರಾತ್ರಿ ಒಂಬತ್ತಕ್ಕೆ, ಮರೀಬೇಡಿ' ಎಂಬ ಉಪದೇಶ. ಆದರೆ ಈ ಪರ್ವದ ಮುಖ್ಯ ಕಥೆ ಇದಾವುದೂ ಅಲ್ಲ. ಅದು ಮೀಟರಿನ ಕಥೆ.

ಓದುಗರಲ್ಲಿ ಅನೇಕರಿಗೆ ತಿಳಿದಿರುವಂತೆ, ಯಾವ ಕಾರ್ಯಕ್ರಮವನ್ನು ಎಷ್ಟು ಮಂದಿ ನೋಡಿದರೆಂಬುದನ್ನು 2015ರಿಂದೀಚೆಗೆ ಬಾರ್ಕ್ ಎಂಬ ಸಂಸ್ಥೆ ಲೆಕ್ಕ ಹಾಕುತ್ತಿದೆ. ದೇಶದಲ್ಲಿ 50,000ಕ್ಕೂ ಮಿಕ್ಕಿದ ಆಯ್ದ ಮನೆಗಳಲ್ಲಿ ಅದರ ಮೀಟರುಗಳಿವೆ. ವಾಹಿನಿಯ ಧ್ವನಿಯೊಳಗೆ ಮನುಷ್ಯರ ಕಿವಿಗೆ ನಿಲುಕದ ಗುರುತೊಂದನ್ನು ಅಡಗಿಸಿರುತ್ತಾರೆ. ಮೀಟರು ಅದನ್ನು ಗ್ರಹಿಸಿ, ಟೀವಿಯಲ್ಲಿ ಯಾವ ವಾಹಿನಿ ನಡೆಯುತ್ತಿದೆಯೆಂದು ಬರೆದುಕೊಳ್ಳುತ್ತದೆ. ಮನೆಮಂದಿಗೆ ತಲಾ ಒಂದು ಗುಂಡಿಯಿದ್ದು, ಟೀವಿಯ ಮುಂದೆ ಕುಳಿತವರು ತಮ್ಮ ತಮ್ಮ ಗುಂಡಿಯನ್ನು ಒತ್ತಬೇಕು. ಇವೆಲ್ಲ ಕೂಡಿ ಗುರುವಾರ ಅಂಕಿಯಾಗಿ ಹೊರಬೀಳುತ್ತವೆ. ಇತರರಿಗೆ ಗುರುವಾರವೆಂದರೆ ರಾಯರ ವಾರ; ನಗೆಗಾರರಿಗೆ ಅದು ಟಿಆರ್‌ಪಿಯ ವಾರ. ರಾಯರ ಮಠಕ್ಕೂ ಅವರು ಅಂದೇ ಹೋಗುವರಾದರೂ, ಯಾವ ವಾರದ ಸಲುವಾಗಿ ಎಂಬುದನ್ನು ರಾಯರೇ ಬಲ್ಲರು.

ಇನ್ನು ಆ ಮೀಟರು ಯಾರ ಮನೆಯಲ್ಲಿದೆಯೆಂಬುದು ಪರಮರಹಸ್ಯ. ಇರಬೇಕಾದುದೂ ಹಾಗೆಯೇ, ಮನೆಯವರಿಗೆ ಹಣ ಕೊಟ್ಟು ವಾಹಿನಿ ನೋಡಿಸಿದರೆಂಬ ಆರೋಪದ ಮೇಲೆ 2020ರಲ್ಲಿ ಮುಂಬಯಿಯ ಪೊಲೀಸರು ಪ್ರಕರಣವನ್ನೇ ಹೂಡಿದ್ದರಲ್ಲ. ನಮ್ಮ ನಗೆಗಾರರಲ್ಲಿ ಕೊಡಲು ಹಣವಿಲ್ಲ. ಆದುದರಿಂದ ಅವರು ನಮಸ್ಕಾರವನ್ನು ಕೊಡತೊಡಗಿದರು. ನಮ್ಮ ಬೀದಿಯ ಯಾವುದಾದರೊಂದು ಮನೆಯಲ್ಲಿ ಅದು ಇದ್ದೇ ಇದೆಯೆಂದು ಅವರಿಗೆ ಹೇಗೋ ದೃಢವಾಗಿಬಿಟ್ಟಿದೆ. ಜಂಗಮನ ರೂಪದಲ್ಲಿ ಶಿವನು ಯಾವ ಬಾಗಿಲಿಗೆ ಬರುವನೋ ತಿಳಿಯದೆ ಹಿಂದಿನ ಭಕ್ತರು ಬಂದವರನ್ನೆಲ್ಲ ಶಿವನೆಂದೇ ಭಾವಿಸಿ ಸತ್ಕರಿಸುತ್ತಿದ್ದರಷ್ಟೆ. ಹಾಗೆ ಈ ಮಹಾಶಯರಿಗೆ ಪ್ರತಿ ಬಾಗಿಲೂ ಮೀಟರಿನ ಬಾಗಿಲಾಯಿತು. ವೆಲ್ಡಿಂಗ್ ಅಂಗಡಿಯವರ ಮಗುವಿನ ನಾಮಕರಣಕ್ಕೆ ಹೋಗಿ ಡ್ರಿಲ್ ಮಾಸ್ತರರ ಸೀಟಿ ಊದಿದರು. ಎದುರು ಮನೆಯ ಅಜ್ಜಿಯ ಮಾತ್ರೆ ತಂದುಕೊಟ್ಟರು. ಜಗಳಗಂಟಿಯೆಂದು ಎಲ್ಲರೂ ದೂರವಿಟ್ಟಿದ್ದ ಕೊನೆಯ ಮನೆಯವರನ್ನಂತೂ, ಇಷ್ಟು ಗುಟ್ಟಾಗಿರುವವರ ಮನೆಯಲ್ಲಿ ಇರಬಾರದೇಕೆಂದು, ವಿಶೇಷವಾಗಿ ಆದರಿಸಿದರು.

ಶನಿವಾರ ಬಂತು. ಒಂಬತ್ತು ಗಂಟೆಗೆ ಮುಂಚೆಯೇ ಖಾರಾಬೂಂದಿಯ ಪೊಟ್ಟಣದೊಡನೆ ನಮ್ಮ ಮನೆಗಿಳಿದ ನಗೆಗಾರರು, ಸ್ಟೂಲೊಂದನ್ನು ಎಳೆದುಕೊಂಡು, ಟೀವಿಗೆ ಬೆನ್ನು ಮಾಡಿ, ನಮಗೆ ಎದುರಾಗಿ ಕುಳಿತರು. 'ನೀವು ಟೀವಿ ನೋಡಿ ಮೇಷ್ಟ್ರೇ. ನನ್ನ ನೋಡ್ಬೇಡಿ.' ಹೀಗೆ ಹೇಳಿ ಕಿರುಪುಸ್ತಕವೊಂದನ್ನು ಮೊಣಕಾಲ ಮೇಲೆ ತೆರೆದಿಟ್ಟರು. ಆಯುಷ್ಯದ ಬಹುಭಾಗವನ್ನು ಪರೀಕ್ಷಾಕೊಠಡಿಯ ಮೇಲ್ವಿಚಾರಣೆಯಲ್ಲಿ ಕಳೆದ ನಾನು, ಪರೀಕ್ಷೆಗೆ ಕುಳಿತವನ ಗಂಟಲೊಣಗುವಿಕೆಯನ್ನು ಅಂದು ಅನುಭವದಿಂದ ಅರಿತೆ. ಮೊದಲ ಮಾತಿಗೇ, ಉಪಚಾರಾರ್ಥವಾಗಿ, ಗಟ್ಟಿಯಾಗಿ ನಕ್ಕೆ. ಅವರು ತಲೆಯಲ್ಲಾಡಿಸಿ, 'ಅದು ಲೀಡ್ ಮೇಷ್ಟ್ರೇ. ಪಂಚ್ ಇನ್ನೂ ಬಂದಿಲ್ಲ' ಎಂದರು. ಪಂಚು ಬಂದಾಗ ನನಗೆ ನಗು ಬಾರಲಿಲ್ಲ, ಅದನ್ನೂ ಬರೆದುಕೊಂಡರು.

ಎರಡನೆಯ ಸ್ಕಿಟ್ಟಿನಲ್ಲಿ ನಮ್ಮ ನಗೆಗಾರರು ತೆರೆಯ ಮೇಲೆ ಮುದುಕನ ವೇಷದಲ್ಲಿ ಪ್ರವೇಶಿಸಿದರು. ಕನ್ನಡಕಕ್ಕೆ ದಾರ, ಬಿಸಿಲಿಲ್ಲದಾಗಲೂ ಕಂಕುಳಲ್ಲಿ ಕೊಡೆ, ಹಾಲಿನ ಪ್ಯಾಕೆಟ್ಟನ್ನು ಅಂಗೈಯಲ್ಲಿ ತೂಗಿ ನೋಡುವ ಸಂಶಯ, ಎರಡು ಮಾತಿಗೊಮ್ಮೆ 'ನಾನು ಹೇಳುವುದು ಏನೆಂದರೆ' ಎಂಬ ಪೀಠಿಕೆ, ಆಮೇಲೆ ಏನನ್ನೂ ಹೇಳದಿರುವುದು. ಇಂಥ ವಿಚಿತ್ರ ಪ್ರಾಣಿಯನ್ನು ಈತ ಎಲ್ಲಿ ಕಂಡನಪ್ಪಾ ಎಂದು ನಾನು ಆಶ್ಚರ್ಯಪಡುತ್ತಿರುವಷ್ಟರಲ್ಲಿ, ಪಕ್ಕದಲ್ಲಿ ನನ್ನ ಮನೆಯವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಒಮ್ಮೆ ತೆರೆಯನ್ನೂ ಒಮ್ಮೆ ನನ್ನನ್ನೂ ನೋಡಿ ನೋಡಿ ನಗುತ್ತಿದ್ದಳು. ಮದುವೆಯಾದಂದಿನಿಂದ ನಾನು ಹೇಳಿದ ಯಾವ ಹಾಸ್ಯೋಕ್ತಿಗೂ ಆಕೆ ಅಷ್ಟು ನಕ್ಕುದಿಲ್ಲ. 'ನಾನು ಹೇಳುವುದು ಏನೆಂದರೆ' ಎಂದು ನಾನು ಪ್ರತಿಭಟಿಸಲು ಬಾಯಿ ತೆರೆದುದೇ ತಡ, ಆಕೆ ಕುರ್ಚಿಯಿಂದ ಜಾರಿದಳು. ನಗೆಗಾರರು ಒಂದು ಪುಟವನ್ನೇ ತುಂಬಿಸಿದರು.

ಆ ಹೊತ್ತಿಗೆ ಸಾರಿನ ಪಾತ್ರೆ ಹಿಂದಿರುಗಿಸಲು ಬಂದ, ಗಾರ್ಮೆಂಟ್ಸಿಗೆ ಹೋಗುವ ಪಕ್ಕದ ಮನೆಯಾಕೆ ಹೊಸ್ತಿಲಲ್ಲಿಯೇ ನಿಂತು, ಬಿಕ್ಕಳಿಕೆ ಬರುವಷ್ಟು ನಕ್ಕಳು. ಏನಕ್ಕೆ ನಕ್ಕಿರೆಂದು ಕೇಳಿದುದಕ್ಕೆ, 'ಅಯ್ಯೋ, ನಮ್ಮ ಸೂಪರ್‌ವೈಜರು ಥೇಟ್ ಹಿಂಗೇ ಕಣಣ್ಣ' ಎಂದು ಹೇಳಿ, ಅನ್ನಕ್ಕಿಟ್ಟಿರುವೆನೆಂದು ಓಡಿದಳು. ನನ್ನ ಮೂರ್ತಿಯೇ ಆಕೆಗೆ ಸೂಪರ್‌ವೈಜರಾಗಿ ಕಂಡಿತೆಂದರೆ, ಆ ವೇಷದಲ್ಲಿ ನನ್ನ ಸ್ವಾಮ್ಯವೇನೂ ಇಲ್ಲವೆಂದಾಯಿತು; ನನ್ನ ಕೋಪದ ಅರ್ಧಭಾಗ ಅಲ್ಲಿಯೇ ಇಳಿಯಿತು.

ಟೀವಿಗೆ ಬೆನ್ನು ಮಾಡಿದುದೇಕೆಂದು ಆಮೇಲೆ ಕೇಳಿದೆ. 'ನಂದು ನಂಗೆ ಬಾಯಿಪಾಠ ಮೇಷ್ಟ್ರೇ, ಅದನ್ನೇನು ನೋಡೋದು? ಬಾಲಣ್ಣೋರು ಎದುರಿಗಿರೋರ ತುಟೀನೇ ನೋಡ್ತಿದ್ರಂತಲ್ಲ' ಎಂದರು. ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋವನ್ನು ಕಟ್ಟಿದ ಬಾಲಕೃಷ್ಣರಿಗೆ ಕಿವಿ ಕೇಳುತ್ತಿರಲಿಲ್ಲವೆಂಬುದೂ, ಎದುರಿನ ನಟರ ತುಟಿಯ ಚಲನೆಯನ್ನು ನೋಡಿಯೇ ತಮ್ಮ ಮಾತನ್ನು ತಪ್ಪದೆ ಒಪ್ಪಿಸುತ್ತಿದ್ದರೆಂಬುದೂ ಚಿತ್ರರಂಗದವರೆಲ್ಲ ಹೇಳುವ ಸಂಗತಿ. ಕನ್ನಡಿಗರನ್ನು ದಶಕಗಳ ಕಾಲ ನಗಿಸಿದ ಆ ಮಹಾನುಭಾವರಿಗೆ ಆ ನಗುವಿನ ಸದ್ದು ತಲುಪುವಂತಿರಲಿಲ್ಲ. ಮುಖಗಳನ್ನು ಓದಿಯೇ ತೃಪ್ತರಾಗಬೇಕಿತ್ತು. ಕಿವಿ ನೆಟ್ಟಗಿರುವ ಇಂದಿನ ನಗೆಗಾರನ ಸ್ಥಿತಿಯಾದರೂ ಬೇರೆಯೇನು? ಫ್ಲೋರಿನ ನಗು ಆಜ್ಞೆಯದು. ಮೀಟರು ಯಾರು ಕುಳಿತಿದ್ದರೆಂದು ಹೇಳೀತೇ ಹೊರತು ಯಾರು ನಕ್ಕರೆಂದು ಹೇಳಲಾರದು. ರಿಮೋಟು ಹುಡುಕಲು ಸೋಮಾರಿತನಪಟ್ಟು ತೂಕಡಿಸುವವನೂ, ಕುರ್ಚಿಯಿಂದ ಜಾರಿ ಬೀಳುವವಳೂ ಅದಕ್ಕೆ ಒಂದೇ. ಹೊಸ್ತಿಲಲ್ಲಿ ನಿಂತು ನಕ್ಕು ಹೋದವಳ ಪಾಲಿಗಂತೂ ಯಾವ ಗುಂಡಿಯೂ ಇಲ್ಲ. ಮೆಟ್ಟಿಲ ಮೇಲೆ ನನ್ನ ಬಾಯಿಯ ಮೂಲೆಗಳನ್ನು ಆ ಮನುಷ್ಯ ಏಕೆ ಹಾಗೆ ದಿಟ್ಟಿಸುತ್ತಿದ್ದರೆಂಬುದು ನನಗೆ ಆಗ ಹೊಳೆಯಿತು. ನಾವೆಲ್ಲರೂ ನಮ್ಮ ದುಡಿಮೆಯ ಬೆಲೆಯನ್ನು ಅಂಕಿಗಳಿಂದ ತಿಳಿಯುವುದಕ್ಕೆ ಒಗ್ಗಿಹೋಗಿದ್ದೇವೆ. ಮಕ್ಕಳ ಶೇಕಡಾ ಫಲಿತಾಂಶದಿಂದ ನನ್ನ ಪಾಠವನ್ನು ಅಳೆದರಲ್ಲದೆ, ತರಗತಿಯಲ್ಲಿ ಯಾವ ಮಗುವಿನ ಕಣ್ಣು ಅರಳಿತೆಂದು ಇಲಾಖೆಯವರಾರೂ ಕೇಳಲಿಲ್ಲ. ನಾನಾದರೂ ತಿರುಗಿ ನೋಡಿದೆನೆ? ಕಪ್ಪುಹಲಗೆಯ ಕಡೆಗೇ ಮುಖವಿಟ್ಟು ಕಾಲ ಕಳೆದೆ. ಈತ ತನ್ನದೇ ತೆರೆಗೆ ಬೆನ್ನು ಮಾಡಿ ಜನರ ಕಡೆಗೆ ಕುಳಿತಿದ್ದಾನೆ.

ಉಪದೇಶದ ಧಾಟಿ ಬಂದಿತೆಂದು ಓದುಗರು ಆಕಳಿಸುವ ಮುನ್ನ ಉಳಿದ ಸಂಗತಿಯನ್ನೂ ತಿಳಿಸಿಬಿಡುತ್ತೇನೆ. ಆ ಗುರುವಾರದ ಅಂಕಿ ಹಿಗ್ಗುವಂಥದೂ ಆಗಿರಲಿಲ್ಲ, ಕುಗ್ಗುವಂಥದೂ ಆಗಿರಲಿಲ್ಲವಂತೆ, ಕಾರ್ಯಕ್ರಮ ಮುಂದುವರಿದಿದೆ. ಆದರೆ ಶನಿವಾರ ರಾತ್ರಿ ಎದ್ದು ಹೊರಡುವಾಗ ನಗೆಗಾರರ ದೃಷ್ಟಿಯು ನಮ್ಮ ಟೀವಿಯ ಪಕ್ಕದಲ್ಲಿ ಹಸಿರು ದೀಪ ಮಿನುಗಿಸುತ್ತಿದ್ದ ಕರಿಯ ಪೆಟ್ಟಿಗೆಯೊಂದರ ಮೇಲೆ ಬಿದ್ದಿತು. ಅದು ನನ್ನ ಮಗ ಇಂಟರ್ನೆಟ್ಟಿಗೆಂದು ಹಾಕಿಸಿಕೊಟ್ಟದ್ದು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಏನನ್ನೂ ಕೇಳದೆ, ಎಂದಿಗಿಂತ ತಗ್ಗಿದ ದನಿಯಲ್ಲಿ 'ಬರ್ತೀನಿ ಮೇಷ್ಟ್ರೇ' ಎಂದು ಕೈಮುಗಿದರು. ಅಂದಿನಿಂದ ನಮ್ಮ ಮನೆಯ ಗ್ಯಾಸ್ ಸಿಲಿಂಡರನ್ನು ಬಾಗಿಲಿಂದ ಅಡಿಗೆಮನೆಗೆ ಸಾಗಿಸುವವರು ಅವರೇ. ಕಾವೇರಿ ನೀರು ಅರ್ಧರಾತ್ರಿಯಲ್ಲಿ ಬಂದಾಗ ಎದ್ದು ಸಂಪಿನ ವಾಲ್ವು ತಿರುಗಿಸುವವರೂ ಅವರೇ. ಅದು ಮೀಟರಲ್ಲವೆಂದು ತಿಳಿಸಿಬಿಡಬೇಕೆಂದು ನಾನು ಗುರುವಾರ ಗುರುವಾರಕ್ಕೂ ಸಂಕಲ್ಪ ಮಾಡುತ್ತೇನೆ. ಆದರೆ ಅವರಾಗಿಯೇ ಕೇಳದಿರುವ ಪ್ರಶ್ನೆಗೆ ಉತ್ತರ ಹೇಳುವುದು ಮೇಷ್ಟರಾಗಿದ್ದವನಿಗೆ ಶೋಭಿಸದು. ಅದೂ ಅಲ್ಲದೆ ಬೇಸಗೆ ಬೇರೆ ಹತ್ತಿರವಾಗುತ್ತಿದೆ, ನೀರಿನ ತೊಂದರೆ ಕಳೆಯಲಿ.