ಕಾಪಿ ರಾಯರು

ನಮ್ಮ ಬೀದಿಯ ರಾಯರಿಗೆ ಕಾಫಿ ಎಂದರೆ ಪ್ರಾಣ. ಆದರೆ ‘ಕಾಪಿ ರಾಯರು’ ಎಂಬ ಹೆಸರು ಬಿದ್ದದ್ದು ಅದರಿಂದಲ್ಲ, ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಅವರು ಒತ್ತುವ ಒಂದು ಪದದಿಂದ.

ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಊರಿನವರ ಗೊರಗೊರ ಕೇಳಿ ನಿವೃತ್ತರಾದವರು. ಇನ್ನು ಮೇಲೆ ಜಗತ್ತಿನ ಸದ್ದನ್ನೆಲ್ಲ ಮಡಿಯಾಗಿ ಉಳಿಸುವ ಹೊಣೆ ತಮ್ಮದೇ ಎಂದು ತೀರ್ಮಾನಿಸಿದ್ದಾರೆ. ಶಾಲೆಯ ನಾಟಕ, ರಾಮನವಮಿ ಕಚೇರಿ, ಎದುರುಮನೆಯ ಗೃಹಪ್ರವೇಶ, ಯಾರ ವಿಡಿಯೋ ಆದರೂ ಸರಿ, ಆಡಿಯೋ ಬಿಡಿಸಿ ಕೊಡುತ್ತಾರೆ. ದುಡ್ಡು ಬೇಡ. ಉಪನ್ಯಾಸ ಕೇಳಿದರೆ ಸಾಕು.

2006ರ ನಮ್ಮ ಮದುವೆಯ ಡಿವಿಡಿಯಿಂದ ನಾದಸ್ವರವನ್ನು ತೆಗೆದು ಹೆಂಡತಿಗೆ ಕೇಳಿಸೋಣವೆಂದು, ಯಾವುದೋ ಪುಕ್ಕಟೆ ಕನ್ವರ್ಟರಿಗೆ ಹಾಕಿ ಎಂಪಿ3 ಮಾಡಿಕೊಂಡಿದ್ದೆ. ಅದನ್ನು ಕೇಳಲು ರಾಯರು ಹೆಡ್‌ಫೋನ್ ಹಾಕಿಕೊಂಡವರೇ ಹಳಸಿದ ಸಾರು ಮೂಸಿದಂತೆ ಮುಖ ಮಾಡಿದರು.

“ಎಷ್ಟಕ್ಕೆ ಮಾಡಿದೆ?”

“64 ಕಿಲೋಬಿಟ್, ರಾಯರೇ. ಬೇಕಾದರೆ ಇದನ್ನೇ 320ಕ್ಕೆ ಏರಿಸ್ತೀನಿ.”

“ಏರಿಸ್ತೀಯಾ! ಎರಡನೇ ಡಿಕಾಕ್ಷನ್ನನ್ನ ದೊಡ್ಡ ಲೋಟಕ್ಕೆ ಬಗ್ಗಿಸಿದರೆ ಕಾಫಿ ಗಟ್ಟಿಯಾಗುತ್ತೇನಪ್ಪಾ? ಕಿವಿಗೆ ಗೊತ್ತಾಗಲ್ಲ ಅಂತ ಎಂಪಿ3 ಒಂದಿಷ್ಟು ಸದ್ದು ಬಿಸಾಕಿರುತ್ತೆ. ಬಿಸಾಕಿದ್ದು ವಾಪಸ್ ಬರಲ್ಲ.”

ಪರದೆಯ ಮೇಲೆ ಗ್ರಾಫ್ ತೆರೆದು, ಕೀಚಲು ಸದ್ದುಗಳಿರಬೇಕಾದ ಜಾಗವನ್ನು ತೋರಿಸಿದರು. ಅವರ ತಲೆಯಷ್ಟೇ ಬೋಳಾಗಿತ್ತು.

“ವಿಡಿಯೋ ಫೈಲು ಅಂದರೆ ಊಟದ ಕ್ಯಾರಿಯರ್. ಒಂದು ಡಬ್ಬಿಯಲ್ಲಿ ಚಿತ್ರ, ಇನ್ನೊಂದರಲ್ಲಿ ಸದ್ದು. ಅನ್ನ ಬೇಕಾದವನು ಅನ್ನದ ಡಬ್ಬಿ ಎತ್ಕೋಬೇಕು. ಬೆಂದ ಅನ್ನಾನ ಯಾರಾದರೂ ಮತ್ತೆ ಕುಕ್ಕರಿಗೆ ಹಾಕ್ತಾರಾ?”

“ಇಲ್ಲಿ ಕುಕ್ಕರ್ ಐದು ಸಲ ಕೂಗ್ತು, ಒಲೆ ಆರಿಸೀಂದ್ರೆ!” ಎಂದು ಒಳಗಿಂದ ಅವರ ಹೆಂಡತಿ ಕೂಗಿದರು. ಸದ್ದಿನ ಪಾರಾಯಣದಲ್ಲಿದ್ದ ರಾಯರಿಗೆ ಕೇಳಿಸಲಿಲ್ಲ. ನಾನೇ ಹೋಗಿ ಆರಿಸಿ ಬಂದೆ.

ಆಮೇಲೆ ಪೂಜೆ. ದೇವರು ಎಫ್‌ಎಫ್‌ಎಂಪೆಗ್, 2000ದಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಶುರುಮಾಡಿದ, ಕಾಣಿಕೆ ಕೇಳದ ತಂತ್ರಾಂಶ. ಮೊದಲು ಡಿವಿಡಿಯ ಫೈಲಿನ ಜಾತಕ ನೋಡಿದರು. “ಒಳಗಿರೋ ಸದ್ದು ಎಸಿ3 ಜಾತಿಯದು. ಹೊರಗೆ ಫೈಲಿನ ಹೆಸರಿನ ಕೊನೆಗೂ ಎಸಿ3 ಅಂತಲೇ ಬರೀಬೇಕು. ಎಎಸಿ ಇದ್ದಿದ್ದರೆ ಎಂ4ಎ. ಉಪ್ಪಿನ ಡಬ್ಬಿ ಮೇಲೆ ಸಕ್ಕರೆ ಅಂತ ಬರೀಬಾರದು.” ಕನ್ನಡಕ ಹಣೆಗೇರಿಸಿ, ಒಂದೇ ಬೆರಳಲ್ಲಿ, ಸಂಕಲ್ಪ ಹೇಳುವವರಂತೆ ಒತ್ತಿದರು: ಹೈಫನ್ ಐ, ಫೈಲಿನ ಹೆಸರು, ಹೈಫನ್ ವಿಎನ್, ಅಂದರೆ ಚಿತ್ರ ಬೇಡ, ಹೈಫನ್ ಸಿ ಕೋಲನ್ ಎ... ಅಲ್ಲಿ ತಡೆದು, ನನ್ನ ಕಡೆ ತಿರುಗಿ, “ಕಾಪಿ!” ಎಂದರು.

ಎರಡು ಲೋಟ ಕಾಫಿ ಬಂತು. ಅದು ಅವರ ಮನೆಯಲ್ಲಿ ದಿನವೂ ಆಗುವ ಅಪಾರ್ಥ.

ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು. ಮತ್ತೆ ಬೇಯಿಸುವುದಿಲ್ಲವಲ್ಲ, ಎತ್ತಿಡುವುದಷ್ಟೇ. “ಮೊಬೈಲಲ್ಲಿ ಹಾಡದಿದ್ದರೆ ವಿಎಲ್‌ಸಿ ಹಾಕ್ಕೋ. ಒಂದು ಚೂರೂ ಕಳೆದಿಲ್ಲ, ನೋಡು!” ಎಂದು ಬೆನ್ನು ತಟ್ಟಿ ಕಳಿಸಿದರು.

ನಿಜ, ಒಂದು ಚೂರೂ ಕಳೆದಿರಲಿಲ್ಲ. ಸಂಜೆ ಹೆಂಡತಿಯನ್ನು ಕೂರಿಸಿ ಹಾಕಿದೆ. ನಾದಸ್ವರ ಮಾಗಿ ಬರುತ್ತಿತ್ತು. ನನ್ನ ಎಂಪಿ3ಯಲ್ಲಿ ನೀರೊಳಗಿನ ಗೊಣಗಾಟದಂತಿದ್ದ ಜಾಗದಲ್ಲಿ ನಮ್ಮ ದೊಡ್ಡಮ್ಮ ಅಚ್ಚಗನ್ನಡದಲ್ಲಿ ಹೇಳಿದರು: “ಬೀಗರು ಹೋಳಿಗೆಗೆ ತುಪ್ಪ ತೋರಿಸಿದ್ರು ಕಣೋ, ಬಡಿಸ್ಲಿಲ್ಲ.” ಅದಕ್ಕೆ ಗಂಡುದನಿಯೊಂದು, “ಹೋಗ್ಲಿ ಬಿಡಿ ದೊಡ್ಡಮ್ಮ, ಅವರ ಕೈಗೆ ಅದೇ ಹೆಚ್ಚು” ಎಂದು ಸಮಾಧಾನ ಹೇಳಿತು. ಆ ದನಿ ಯಾರದೆಂದು ಹೆಂಡತಿ ಕೇಳಲಿಲ್ಲ. ಕೇಳುವ ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾಗಿತ್ತು.

ರಾತ್ರಿಯೇ ರಾಯರ ಮನೆಗೆ ಓಡಿದೆ. “ರಾಯರೇ, ದಮ್ಮಯ್ಯ, ಅದನ್ನ 64ಕ್ಕೇ ಇಳಿಸಿಕೊಡಿ.”

ರಾಯರು ಹೆಡ್‌ಫೋನ್ ಕೆಳಗಿಟ್ಟರು. “ಎಷ್ಟಕ್ಕೆ ಇಳಿಸಿದರೇನು ಬಂತಪ್ಪಾ? ನಿನ್ನ ಹೆಂಡತಿ ಹತ್ತಿರ ಈಗ ಒರಿಜಿನಲ್ಲೇ ಇದೆಯಲ್ಲ!”